ನಿತ್ಯದ ವಸ್ತುಗಳ ಅನ್ಯ ಉಪಯೋಗಗಳು

ಒಂದು ಕಾರ್ಯಕ್ಕೆಂದು ಮನೆಗೆ ತಂದ ವಸ್ತುವು ಆ ಒಂದೇ ಕಾರ್ಯದಲ್ಲಿ ಸವೆದು ಮುಗಿಯುವುದು ನಮ್ಮ ನಾಡಿನ ಮನೆಗಳಲ್ಲಿ ಅಪರೂಪ. ಸಾರಿಗೆಂದು ತಂದ ಹುಣಸೆಹಣ್ಣು ಹಿತ್ತಾಳೆಯ ತಂಬಿಗೆಯನ್ನು ಬೆಳಗುತ್ತದೆ. ಅಡಿಗೆಗೆ ಉರಿದು ಮುಗಿದ ಕಟ್ಟಿಗೆ ಬೂದಿಯಾಗಿ ಪಾತ್ರೆ ತಿಕ್ಕುತ್ತದೆ, ಬೀಜದ ಗಡಿಗೆಯನ್ನು ಹುಳುವಿನಿಂದ ಕಾಯುತ್ತದೆ. ಉಟ್ಟು ಹಳೆಯದಾದ ಸೀರೆ ಕೂಸಿನ ತೊಟ್ಟಿಲಾಗಿ, ಕೌದಿಯಾಗಿ, ಕಡೆಗೆ ನೀರು ಸೋಸುವ ಅರಿವೆಯಾಗಿ ಕೊನೆಗಾಣುತ್ತದೆ. ಇವೆಲ್ಲ ಗ್ರಂಥಗಳಿಂದ ಕಲಿತ ವಿದ್ಯೆಯಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಇಳಿದು ಬಂದದ್ದು. ಆದರೆ ಹೀಗೆ ಇಳಿದು ಬರುವ ವಿದ್ಯೆಯಲ್ಲಿ ಒಂದು ತೊಡಕು ಉಂಟು. ಕಾರಣವನ್ನು ಹೇಳದೆ ಕ್ರಿಯೆಯನ್ನು ಮಾತ್ರ ಒಪ್ಪಿಸುವುದರಿಂದ ಹಿತವಾದದ್ದೂ ಅಹಿತವಾದದ್ದೂ ಒಂದೇ ಮೊರದಲ್ಲಿ ಕೂಡಿ ಬರುತ್ತವೆ. ಗಟ್ಟಿಕಾಳು ಯಾವುದು, ಜೊಳ್ಳು ಯಾವುದು ಎಂಬುದನ್ನು ಬೇರ್ಪಡಿಸಬೇಕಾದರೆ ಪ್ರತಿಯೊಂದು ಬಳಕೆಯ ಹಿಂದಿರುವ ಕಾರಣವನ್ನು ವಿಚಾರಿಸಿ ನೋಡುವುದು ಅವಶ್ಯ.

ಮೊದಲು ಬೂದಿಯನ್ನೇ ತೆಗೆದುಕೊಳ್ಳೋಣ. ಕಟ್ಟಿಗೆಯು ಉರಿದಾಗ ಅದರಲ್ಲಿಯ ಇಂಗಾಲವು ಅನಿಲವಾಗಿ ಹಾರಿಹೋಗುತ್ತದೆ. ಗಿಡವು ನೆಲದಿಂದ ಹೀರಿಕೊಂಡಿದ್ದ ಖನಿಜಗಳು ಮಾತ್ರ ಉಳಿಯುತ್ತವೆ. ಇವುಗಳಲ್ಲಿ ಸುಣ್ಣದ ಅಂಶವೇ ಹೆಚ್ಚು. ಅದರೊಡನೆ ಪೊಟ್ಯಾಸಿಯಮ್ ಕಾರ್ಬೊನೇಟ್ ಎಂಬ ಲವಣವೂ ಇರುತ್ತದೆ. ಈ ಲವಣವು ನೀರಿನಲ್ಲಿ ಕರಗಿದಾಗ ಕ್ಷಾರಗುಣವನ್ನು ತೋರುತ್ತದೆ. ಜಿಡ್ಡು ಹಿಡಿದ ಪಾತ್ರೆಗೆ ಒದ್ದೆ ಬೂದಿಯನ್ನು ಹಚ್ಚಿದಾಗ ಕ್ಷಾರವು ಎಣ್ಣೆಯ ಸ್ವಲ್ಪ ಭಾಗವನ್ನು ಅಲ್ಲಿಯೇ ಸಾಬೂನಾಗಿ ಮಾರ್ಪಡಿಸುತ್ತದೆ. ಬೂದಿಯ ನುಣ್ಣನೆಯ ಕಣಗಳು ಉಳಿದ ಜಿಡ್ಡನ್ನು ಉಜ್ಜಿ ತೆಗೆಯುತ್ತವೆ. ಅಂದರೆ ಪಾತ್ರೆ ತಿಕ್ಕುವ ಹೆಣ್ಣುಮಗಳು ತನಗರಿವಿಲ್ಲದೆಯೇ ಪ್ರತಿದಿನ ಸಾಬೂನನ್ನು ತಯಾರಿಸುತ್ತಿದ್ದಳೆಂದು ಹೇಳಬೇಕು. ವಿದ್ಯಾರ್ಥಿಗಳು ರಸಾಯನಶಾಸ್ತ್ರದಲ್ಲಿ ಓದುವ ‘ಆಲ್ಕಲಿ’ ಎಂಬ ಪದವೂ ಬೂದಿಯನ್ನು ಸೂಚಿಸುವ ಅರಬ್ಬಿ ಶಬ್ದದಿಂದಲೇ ಹುಟ್ಟಿದೆ. ಬೂದಿಯ ನೀರನ್ನು ಗಡಿಗೆಯಲ್ಲಿ ಕುದಿಸಿ ಇಂಗಿಸಿ ಪಡೆದ ಲವಣಕ್ಕೆ ಇಂಗ್ಲಿಷಿನಲ್ಲಿ ‘ಪೊಟ್ಯಾಷ್’, ಎಂದರೆ ಗಡಿಗೆಯ ಬೂದಿ, ಎಂದು ಹೆಸರಾಯಿತು. 1807 ರಲ್ಲಿ ಹಂಫ್ರಿ ಡೇವಿಯು ವಿದ್ಯುಚ್ಛಕ್ತಿಯ ನೆರವಿನಿಂದ ಅದರೊಳಗಿನ ಲೋಹವನ್ನು ಬೇರ್ಪಡಿಸಿದಾಗ ಅದಕ್ಕೆ ಪೊಟ್ಯಾಸಿಯಮ್ ಎಂಬ ಹೆಸರು ಬಂದಿತು. ಒಲೆಯ ಬೂದಿಗೆ ಇಷ್ಟು ದೊಡ್ಡ ವಂಶಾವಳಿ ಇದೆಯೆಂಬುದು ಅನೇಕರಿಗೆ ತಿಳಿಯದು.

ಕಂಚು, ಹಿತ್ತಾಳೆ, ಉಕ್ಕು, ಮಣ್ಣು ಈ ನಾಲ್ಕರ ಪಾತ್ರೆಗಳಿಗೂ ಬೂದಿ ಸಲ್ಲುತ್ತದೆ. ಆದರೆ ಹಳ್ಳಿಗರು ‘ಜರ್ಮನ್’ ಎಂದು ಕರೆಯುವ ಅಲ್ಯುಮಿನಿಯಮ್ ಪಾತ್ರೆಗೆ ಇದು ಸಲ್ಲದು. ಅಲ್ಯುಮಿನಿಯಮ್ಮಿನ ಮೇಲೆ ಗಾಳಿಯ ಸಂಪರ್ಕದಿಂದ ತೆಳ್ಳನೆಯ ಒಂದು ಪೊರೆ ಏರ್ಪಟ್ಟಿರುತ್ತದೆ. ಅದೇ ಆ ಲೋಹದ ಕವಚ. ಕ್ಷಾರವು ಆ ಕವಚವನ್ನು ಕರಗಿಸಿಬಿಡುವುದರಿಂದ ಪಾತ್ರೆ ಕಪ್ಪಾಗಿ, ಕ್ರಮೇಣ ತೂತು ಬೀಳುತ್ತದೆ. ಅಡಿಗೆ ಸೋಡವನ್ನು ಹಾಕಿ ಅಲ್ಯುಮಿನಿಯಮ್ ಪಾತ್ರೆಯನ್ನು ಕುದಿಸುವವರಿಗೂ ಇದೇ ಅನುಭವವಾಗುತ್ತದೆ.

ಬತ್ತದ ಹೊಟ್ಟಿನ ಬೂದಿಯ ಗುಣವೇ ಬೇರೆ. ಅದರಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಸಿಲಿಕ, ಅಂದರೆ ಉಸುಕಿನ ದ್ರವ್ಯ. ಪಾತ್ರೆಯನ್ನು ಉಜ್ಜುವುದಕ್ಕೆ ಇದು ಬಲು ಚುರುಕು. ಆದುದರಿಂದಲೇ ಅದನ್ನು ಹಲ್ಲಿಗೆ ಬಳಸುವುದು ಒಳ್ಳೆಯದಲ್ಲ. ಕೊಳೆಯೊಡನೆ ಹಲ್ಲಿನ ಮೇಲಣ ಗಟ್ಟಿ ಲೇಪವೂ ಸವೆಯುತ್ತ ಹೋಗಿ, ನಡುವಯಸ್ಸಿನಲ್ಲಿ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುವ ಸ್ಥಿತಿ ಒದಗುತ್ತದೆ. ಅದೇ ಹೊಟ್ಟಿನ ಬೂದಿಯು ಸಣ್ಣ ಸಣ್ಣ ರಂಧ್ರಗಳಿಂದ ಕೂಡಿರುವುದರಿಂದ ನೀರು ಸೋಸುವುದಕ್ಕೆ ಉಪಯುಕ್ತವೆಂದು ಕಂಡುಬಂದು, 2009 ರಲ್ಲಿ ಟಾಟಾ ಸಂಸ್ಥೆಯು ಇದರಿಂದಲೇ ‘ಸ್ವಚ್ಛ್’ ಎಂಬ ಸೋಸುವ ಯಂತ್ರವನ್ನು ತಯಾರಿಸಿ ಮಾರಾಟಕ್ಕೆ ತಂದಿತು.

ಇನ್ನು ಹುಣಸೆಯ ಸಂಗತಿ. ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಲೋಹ. ಗಾಳಿ, ತೇವಗಳು ತಾಗಿದ ತಾಮ್ರವು ಕಪ್ಪಾಗಿ, ಮುಂದೆ ಹಸಿರು ಕಿಲುಬಾಗಿ ಪರಿಣಮಿಸುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಈ ಕಿಲುಬನ್ನು ಕರಗಿಸಿಕೊಳ್ಳುವುದರಿಂದ ಒಳಗಿನ ಹೊಳಪು ಮತ್ತೆ ಮೇಲೆ ಬರುತ್ತದೆ. ಒಂದು ಹರಳು ಉಪ್ಪನ್ನು ಸೇರಿಸಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ನಿಂಬೆಯ ಸಿಪ್ಪೆ, ಹುಳಿ ಮಜ್ಜಿಗೆ, ಮಾವಿನಕಾಯಿಯ ಹೋಳು ಇವೆಲ್ಲ ಮಾಡುವುದೂ ಇದೇ ಕೆಲಸವನ್ನೇ. ಇಲ್ಲಿ ಯೋಚಿಸತಕ್ಕ ಒಂದು ಮಾತಿದೆ. ಹುಳಿಯು ಕಿಲುಬನ್ನು ಕರಗಿಸುವುದು ಪಾತ್ರೆಯ ಹೊರಮೈಯಲ್ಲಿ ಗುಣವಾದರೆ, ಪಾತ್ರೆಯ ಒಳಗೆ ಅದೇ ದೋಷ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಇಟ್ಟ ಮಜ್ಜಿಗೆ ಅಥವಾ ಸಾರು ತಾಮ್ರವನ್ನು ಹೀರಿಕೊಂಡು ‘ಕಿಲುಬು ಹತ್ತಿ’ ಕೆಡುತ್ತದೆ. ಅದನ್ನು ಉಂಡವರಿಗೆ ವಾಂತಿ, ಹೊಟ್ಟೆನೋವುಗಳು ತಪ್ಪವು. ಈ ಕಾರಣದಿಂದಲೇ ಹಿಂದೆ ಕಲಾಯಿಗಾರನು ವರ್ಷಕ್ಕೊಮ್ಮೆ ಊರಿಗೆ ಬಂದು, ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉಜ್ಜಿ, ತವರವನ್ನು ಒಳಮೈಗೆ ಬಳಿದುಕೊಡುತ್ತಿದ್ದನು. ಕಲಾಯಿಗಾರರು ವಿರಳರಾಗಿರುವ ಈ ಕಾಲದಲ್ಲಿ ಅಟ್ಟದ ಮೇಲಿನ ಹಳೆಯ ಹಿತ್ತಾಳೆಯನ್ನು ಅಂದಕ್ಕಾಗಿ ಕೆಳಗಿಳಿಸಿ ಅದರಲ್ಲಿ ಹುಳಿ ಕುದಿಸುವವರು ಇದನ್ನು ಮರೆಯಬಾರದು.

ತಾಮ್ರದ ಕೊಡದಲ್ಲಿ ಬರಿಯ ನೀರನ್ನು ಇಡುವುದು ಮಾತ್ರ ಇದಕ್ಕೆ ಹೊರತು. ನೀರಿಗೆ ಹುಳಿ ಇಲ್ಲದ್ದರಿಂದ ಅದರೊಳಕ್ಕೆ ಇಳಿಯುವ ತಾಮ್ರ ಅತ್ಯಲ್ಪ. ಆ ಅತ್ಯಲ್ಪವೇ ರೋಗಾಣುಗಳ ಪಾಲಿಗೆ ವಿಷ. ಬೇಧಿಯನ್ನುಂಟುಮಾಡುವ ಹಲವು ಬಗೆಯ ಅಣುಜೀವಿಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇಟ್ಟು ನೋಡಿದ ಬೆಂಗಳೂರಿನ ಸಂಶೋಧಕರು ಆ ಜೀವಿಗಳು ಕಾಣದಾದುದನ್ನೂ, ಕರಗಿದ ತಾಮ್ರವು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದ ಮಿತಿಯೊಳಗೇ ಇದ್ದುದನ್ನೂ 2012 ರಲ್ಲಿ ಪ್ರಕಟಿಸಿದರು. ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುವ ವಾಡಿಕೆಗೆ ಇದರಿಂದ ಸಾಕಷ್ಟು ಬೆಂಬಲ ದೊರೆತಂತಾಯಿತು.

ಅಂಟುವಾಳದ ಕಾಯಿಯನ್ನು ಕುರಿತು ಹೆಚ್ಚು ಬೆಳೆಸಬೇಕಾದುದಿಲ್ಲ. ಅದರ ಸಿಪ್ಪೆಯಲ್ಲಿಯ ಸಪೋನಿನ್ ಎಂಬ ದ್ರವ್ಯವು ನೊರೆ ಕೊಡುತ್ತದೆ, ಆದರೆ ಸಾಬೂನಿನಂತೆ ಕ್ಷಾರವಲ್ಲ. ರೇಷ್ಮೆಯೂ ಉಣ್ಣೆಯೂ ಪ್ರಾಣಿಜನ್ಯವಾದ ನೂಲುಗಳಾದ್ದರಿಂದ ಕ್ಷಾರಕ್ಕೆ ಬಲು ಬೇಗ ಬಡವಾಗುತ್ತವೆ. ಇಳಕಲ್ಲಿನ ಸೀರೆಯ ರೇಷ್ಮೆ ಸೆರಗನ್ನು ಅಂಟುವಾಳದಲ್ಲಿಯೇ ಒಗೆಯಬೇಕೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಅಕ್ಕಸಾಲಿಗರೂ ಆಭರಣ ತೊಳೆಯಲು ಇದನ್ನು ಬಳಸುತ್ತ ಬಂದಿದ್ದಾರೆ. ಆದರೆ ಈ ನೊರೆನೀರು ಮೀನಿಗೆ ವಿಷ, ಕಣ್ಣಿಗೆ ಉರಿ. ಕೆರೆಗೆ ಚೆಲ್ಲುವುದು ತರವಲ್ಲ.

ಒಕ್ಕಲು ಮನೆಗಳಲ್ಲಿ ಇದಕ್ಕಿಂತ ಹೆಚ್ಚಿನ ಪ್ರಶ್ನೆ ಕಾಳನ್ನು ಕಾಯುವುದು. ತೊಗರಿ, ಹೆಸರು, ಕಡಲೆ, ಅಲಸಂದೆಗಳಿಗೆ ಬೀಳುವ ಕಾಳುಹುಳುವು ನುಣುಪಾದ ಇಡಿಯ ಕಾಳಿನ ಸಿಪ್ಪೆಯ ಮೇಲೆ ತತ್ತಿಯನ್ನು ಅಂಟಿಸಿ ಹೋಗುತ್ತದೆ. ಮರಿಯು ತತ್ತಿಯೊಳಗಿನಿಂದಲೇ ಕಾಳಿನೊಳಕ್ಕೆ ಕೊರೆದು ಇಳಿಯುತ್ತದೆ. ಬೀಜದ ತೊಗರಿಗೆ ಔಡಲೆಣ್ಣೆಯನ್ನು ಸವರಿ ಇಡುವ ಪದ್ಧತಿಯ ಮರ್ಮ ಇಲ್ಲಿದೆ. ಎಣ್ಣೆಯ ತೆಳುವಾದ ಲೇಪವು ತತ್ತಿಯ ಉಸಿರಾಟದ ದಾರಿಯನ್ನು ಮುಚ್ಚಿಬಿಡುವುದರಿಂದ ಮರಿ ಒಡೆಯುವುದಿಲ್ಲ. ಜಾರುವ ಕಾಳಿನ ಮೇಲೆ ತತ್ತಿ ಇಡುವುದೂ ಹುಳುವಿಗೆ ಪ್ರಯಾಸ. ಕಿಲೋಗ್ರಾಮಿಗೆ 5 ರಿಂದ 10 ಮಿಲಿಲೀಟರಿನಷ್ಟು ಎಣ್ಣೆ, ಅಂದರೆ ಒಂದೆರಡು ಚಮಚ, ಇದಕ್ಕೆ ಸಾಕು. ಬೇಳೆ ಒಡೆದು ಇಡುವುದೂ ಇದೇ ಹುಳುವಿಗೆ ಒಡ್ಡಿದ ಉಪಾಯವೇ. ಸಿಪ್ಪೆ ತೆಗೆದು ಇಬ್ಭಾಗವಾದ ಬೇಳೆ ಅದಕ್ಕೆ ಅಷ್ಟಾಗಿ ಒಗ್ಗದು. ಬೂದಿಯು ಕೆಲಸ ಮಾಡುವ ರೀತಿ ಬೇರೆ. ಕಾಳುಗಳ ನಡುವಣ ಎಡೆಯನ್ನೆಲ್ಲ ನುಣ್ಣನೆಯ ಬೂದಿ ತುಂಬಿಕೊಂಡಾಗ ಹುಳು ಓಡಾಡಲಾರದು. ಓಡಾಡಿದರೂ ಅದರ ಮೈಮೇಲಿನ ಮೇಣದ ಪೊರೆ ಬೂದಿಗೆ ಉಜ್ಜಿ ಹರಿದು, ಮೈಯ ನೀರು ಆರಿ ಸಾಯುತ್ತದೆ.

ಉತ್ತರ ಕರ್ನಾಟಕದ ಹಗೇವುಗಳನ್ನು ನೆನೆಯದೆ ಈ ಪ್ರಕರಣವನ್ನು ಮುಗಿಸುವಂತಿಲ್ಲ. ನೆಲದೊಳಗೆ ಅಗೆದು, ಸುತ್ತಲೂ ಜೋಳದ ಕಣಿಕೆಯನ್ನೋ ಹೊಟ್ಟನ್ನೋ ಒತ್ತಿ, ಜೋಳವನ್ನು ತುಂಬಿ ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಕೂಡಿ ಒಳಗಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಉಳಿಯುವುದು ಇಂಗಾಲಾಮ್ಲ ವಾಯು. ಹುಳುವನ್ನು ಕೊಲ್ಲುವ ಆ ಗಾಳಿಯೇ, ಹಗೇವು ತೆರೆದೊಡನೆ ಅವಸರದಿಂದ ಒಳಗಿಳಿದ ಮನುಷ್ಯನನ್ನೂ ಕೊಲ್ಲುತ್ತದೆ. ಆದ್ದರಿಂದ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪವನ್ನು ಕಟ್ಟಿ ಒಳಗೆ ಬಿಡುತ್ತಿದ್ದರು. ದೀಪ ನಂದಿದರೆ ಇಳಿಯಕೂಡದು. ಮನೆಯ ಹಣತೆಗೆ ಇದಕ್ಕಿಂತ ದೊಡ್ಡ ಅನ್ಯೋಪಯೋಗ ಮತ್ತೊಂದು ಇರಲಾರದು. ಆದರೆ ಈ ಪರೀಕ್ಷೆಯು ಹಗೇವಿಗೂ ಪಾಳುಬಾವಿಗೂ ಮಾತ್ರ ಒಂದು ಮಟ್ಟಿಗೆ ಸಲ್ಲತಕ್ಕದ್ದು. ಪಾಯಿಖಾನೆಯ ಗುಂಡಿ, ಒಳಚರಂಡಿಗಳಲ್ಲಿ ಉರಿಯುವ ಅನಿಲವೂ, ದೀಪಕ್ಕೆ ಗೋಚರಿಸದ ವಿಷಾನಿಲವೂ ಸೇರಿರುತ್ತವೆ; ಅಲ್ಲಿ ದೀಪವನ್ನು ನಂಬಿ ಇಳಿದವರು, ಅವರನ್ನು ಎತ್ತಲು ಹೋದವರು, ಹೀಗೆ ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟಿರುವ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ.

ಇಲ್ಲಿಯವರೆಗೆ ಹೇಳಿದ್ದು ಒಪ್ಪ ಓರಣದ, ಉಳಿತಾಯದ ಸಂಗತಿ. ಮುಂದಿನ ಎರಡು ವಸ್ತುಗಳ ಚರಿತ್ರೆಯಾದರೋ ಜೀವ ಉಳಿತಾಯದ್ದು.

ಮೊದಲನೆಯದು ಅರಿವೆ. ಮನೆಗಳಲ್ಲಿ ನೀರಿನ ಕೊಡಕ್ಕೆ ಬಾಯಿಬಟ್ಟೆ ಕಟ್ಟಿ ಸೋಸುವುದು ಪುರಾತನ ಪದ್ಧತಿ. ಕಸ ಕಡ್ಡಿ ಹೋಗಲೆಂದು ಸೋಸುತ್ತಾರೆಂಬುದು ಸಾಮಾನ್ಯ ತಿಳುವಳಿಕೆ. ಆದರೆ ಈ ಒಂದು ತುಂಡು ಬಟ್ಟೆಯು ಒಂದು ಭೀಕರ ರೋಗವನ್ನು ಭಾರತದಿಂದಲೇ ಅಳಿಸಿ ಹಾಕಲು ನೆರವಾಯಿತೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಅದು ನಾರುಹುಣ್ಣಿನ ರೋಗ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅರುವತ್ತು ವರ್ಷ ದಾಟಿದವರನ್ನು ಕೇಳಿದರೆ ಇಂದಿಗೂ ಅದರ ಹೆಸರಿಗೆ ಮುಖ ಕಿವುಚುವವರು ಸಿಗುತ್ತಾರೆ. ಕಾಲಿನಲ್ಲಿ ಮೊದಲು ಗುಳ್ಳೆ ಏಳುತ್ತದೆ. ಅದು ಒಡೆದು ಬಿಳಿಯ ದಾರದಂತಹ ಹುಳುವಿನ ತುದಿ ಹೊರಗೆ ಕಾಣಿಸುತ್ತದೆ. ಹುಳುವಿನ ಉದ್ದ ಎರಡು ಮೂರು ಅಡಿ. ಎಳೆದರೆ ಹರಿದು ಒಳಗೇ ಕೊಳೆತು ಕಾಲು ಬಾತುಕೊಳ್ಳುತ್ತದೆ. ಆದುದರಿಂದ ಒಂದು ಕಡ್ಡಿಗೆ ಅದನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಬಿಚ್ಚಿ ತೆಗೆಯಬೇಕಾಗಿತ್ತು. ಸುಗ್ಗಿಯಲ್ಲಾಗಲಿ ಬಿತ್ತಿಗೆಯಲ್ಲಾಗಲಿ ಮನೆಯ ದುಡಿಯುವ ಆಳು ಹೀಗೆ ಮಲಗಿದರೆ ಆ ವರ್ಷದ ಒಕ್ಕಲುತನವೇ ಕೆಟ್ಟಂತೆ.

ಈ ರೋಗಕ್ಕೆ ಅಂದೂ ಔಷಧವಿರಲಿಲ್ಲ, ಇಂದೂ ಇಲ್ಲ, ಲಸಿಕೆಯೂ ಇಲ್ಲ. ಇದ್ದದ್ದು ರೋಗದ ದಾರಿಯನ್ನು ಕಂಡುಹಿಡಿದು ಕಡಿಯುವ ಮಾರ್ಗವೊಂದೇ. ಹುಣ್ಣಿರುವವನು ಮೆಟ್ಟಿಲು ಬಾವಿಗೆ ಇಳಿದು ನೀರಿನಲ್ಲಿ ಕಾಲಿಟ್ಟಾಗ ಹುಳುವು ಸಾವಿರಾರು ಮರಿಗಳನ್ನು ನೀರಿಗೆ ಚೆಲ್ಲುತ್ತದೆ. ಅವುಗಳನ್ನು ಸೈಕ್ಲೊಪ್ಸ್ ಎಂಬ ನೀರಚಿಗಟಗಳು ನುಂಗುತ್ತವೆ. ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಯಲ್ಲಿ ಚಿಗಟ ಸತ್ತು ಮರಿ ಹೊರಬಿದ್ದು, ಸುಮಾರು ಒಂದು ವರ್ಷ ಮೈಯೊಳಗೆ ಬೆಳೆದು, ಮುಂದಿನ ಬೇಸಗೆಗೆ ಕಾಲಿನಲ್ಲಿ ಹೊರಡುತ್ತದೆ. ಸೈಕ್ಲೊಪ್ಸ್ ಸುಮಾರು ಒಂದು ಮಿಲಿಮೀಟರಿನಷ್ಟು ಗಾತ್ರದ್ದು; ಬಿಗಿಯಾಗಿ ನೆಯ್ದ ಅರಿವೆಯನ್ನು ಅದು ದಾಟಲಾರದು. ಅಂದರೆ ಕೊಡದ ಬಾಯಿಗೆ ಕಟ್ಟಿದ ಮಡಿಕೆ ಬಟ್ಟೆಯು ರೋಗದ ಸರಪಣಿಯ ಒಂದು ಕೊಂಡಿಯನ್ನೇ ಕಳಚಿದಂತಾಯಿತು.

ಭಾರತ ಸರಕಾರವು 1983-84 ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಈ ರೋಗವಿತ್ತು. 1984 ರಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು ಸುಮಾರು 40,000. ಮೆಟ್ಟಿಲು ಬಾವಿಗಳನ್ನು ಮುಚ್ಚುವುದು ಅಥವಾ ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿ ಕೊರೆಯಿಸುವುದು, ನೀರಿಗೆ ಔಷಧ ಹಾಕುವುದು, ಮನೆಮನೆಗೆ ಸೋಸುವ ಬಟ್ಟೆಯನ್ನು ಹಂಚುವುದು ಇವು ಆ ಕಾರ್ಯಕ್ರಮದ ಅಂಗಗಳಾಗಿದ್ದವು. ದೇಶದ ಕಟ್ಟಕಡೆಯ ರೋಗಿ ರಾಜಸ್ಥಾನದಲ್ಲಿ ಕಂಡುಬಂದದ್ದು 1996 ರಲ್ಲಿ. 2000 ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಘೋಷಿಸಿತು. ಸಿಡುಬನ್ನು ಗೆಲ್ಲಲು ಲಸಿಕೆ ಬೇಕಾಯಿತು. ನಾರುಹುಣ್ಣನ್ನು ಗೆಲ್ಲುವಲ್ಲಿ ಬಟ್ಟೆಗೆ ಇಷ್ಟು ದೊಡ್ಡ ಪಾತ್ರವಿತ್ತು.

ಬಂಗಾಳದ ಸೀಮೆಯಲ್ಲಿ ಹಳೆಯ ಸೀರೆಗೆ ಇಂಥದೇ ಇನ್ನೊಂದು ಗೌರವ ದೊರಕಿದೆ. ಕಾಲರಾ ರೋಗಾಣುವು ಅತಿ ಸೂಕ್ಷ್ಮವಾದುದರಿಂದ ಬಟ್ಟೆಯಲ್ಲಿ ನಿಲ್ಲದೆಂದು ಎಲ್ಲರೂ ತಿಳಿದಿದ್ದರು. ಆದರೆ ಕೆರೆ ಹೊಳೆಗಳಲ್ಲಿ ಅದು ಹೆಚ್ಚಾಗಿ ನೀರಚಿಗಟಗಳ ಮೈಗೆ ಅಂಟಿಕೊಂಡಿರುತ್ತದೆಂದು ರೀಟಾ ಕಾಲ್ವೆಲ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಚಿಗಟ ನಿಂತರೆ ರೋಗಾಣುವೂ ನಿಲ್ಲಬೇಕಷ್ಟೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರ ಮಡಿಸಿದರೆ ಅದರ ರಂಧ್ರವು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಕಿರಿದಾಗುತ್ತದೆಂದು ಅವರು ಕಂಡರು. ಹೊಸ ಸೀರೆಗಿಂತ ಹಳೆಯದೇ ಮೇಲು; ಒಗೆದು ಒಗೆದು ನೂಲಿನ ಎಳೆಗಳು ಬಿಡಿಸಿಕೊಂಡು ಅರಳಿರುವುದರಿಂದ ಕಂಡಿಗಳು ಮುಚ್ಚಿರುತ್ತವೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಮೂರು ವರ್ಷ ನಡೆಸಿದ ಪ್ರಯೋಗದಲ್ಲಿ ಸೀರೆಯಿಂದ ಸೋಸಿ ಕುಡಿದವರಲ್ಲಿ ಕಾಲರಾ ಶೇಕಡ 48 ರಷ್ಟು ಇಳಿಯಿತೆಂದು 2003 ರಲ್ಲಿ ಪ್ರಕಟವಾಯಿತು. ಇದು ಅರ್ಧ ರಕ್ಷಣೆಯೇ ಹೊರತು ಪೂರ್ಣ ರಕ್ಷಣೆಯಲ್ಲ. ಕುದಿಸಿದ ನೀರಿಗೆ ಸಮನಾದದ್ದು ಯಾವುದೂ ಇಲ್ಲ. ಆದರೆ ಕುದಿಸಲು ಸೌದೆಯಿಲ್ಲದ ಗುಡಿಸಲಿನಲ್ಲಿ ಅರ್ಧವೂ ದೊಡ್ಡದೇ. ಸೋಸಿದ ಮೇಲೆ ಬಟ್ಟೆಯನ್ನು ಚೆನ್ನಾಗಿ ಜಾಲಿಸಿ ಬಿಸಿಲಿಗೆ ಒಣಹಾಕಬೇಕೆಂಬುದು ಇದರ ನಿಯಮ. ಹಾಗೆ ಮಾಡದೆ ಅದನ್ನೇ ತಿರುವಿ ಮುರುವಿ ಕಟ್ಟಿದರೆ ತಡೆದ ರೋಗವನ್ನು ಮತ್ತೆ ಕೊಡಕ್ಕೆ ಇಳಿಸಿದಂತಾದೀತು.

ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಾಗಿ ಬಂದಾಗ ಬಟ್ಟೆ ಸಾಲದು. ಕೃಷ್ಣೆ, ಮಲಪ್ರಭೆ, ತುಂಗಭದ್ರೆಗಳ ದಡದ ಊರುಗಳಲ್ಲಿ ಪಟಿಕದ ಹರಳನ್ನು ನೀರಿನಲ್ಲಿ ನಾಲ್ಕು ಸುತ್ತು ಆಡಿಸಿ ಬಿಡುವುದುಂಟು. ಕ್ಷೌರಿಕನ ಪೆಟ್ಟಿಗೆಯಲ್ಲಿರುವ ಹರಳೇ ಅದು. ಮಣ್ಣಿನ ಕಣಗಳು ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತು ಒಂದನ್ನೊಂದು ದೂಡುತ್ತ ನೀರಿನಲ್ಲಿ ತೇಲುತ್ತಿರುತ್ತವೆ. ಪಟಿಕವು ಆ ಅಂಶವನ್ನು ಶಮನಗೊಳಿಸುವುದರಿಂದ ಕಣಗಳು ಕೂಡಿ ತಳಕ್ಕೆ ಇಳಿಯುತ್ತವೆ. ಒಣಗಿದ ನುಗ್ಗೆ ಬೀಜದ ಪುಡಿಗೂ, ಗಡಿಗೆಯ ಒಳಮೈಗೆ ತೇಯ್ದ ಚಿಲ್ಲದ ಬೀಜಕ್ಕೂ ಇದೇ ಗುಣವಿದೆ. ತಿಳಿಯಾದ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ತುಂಬಿ, ಮಾಳಿಗೆಯ ಮೇಲೆ ಪ್ರಖರವಾದ ಬಿಸಿಲಿನಲ್ಲಿ ಆರು ಗಂಟೆ ಅಡ್ಡ ಮಲಗಿಸಿದರೆ ಸೂರ್ಯಕಿರಣಗಳೇ ಹೆಚ್ಚಿನ ರೋಗಾಣುಗಳನ್ನು ಕೊಲ್ಲುತ್ತವೆ. ಮೋಡವಿದ್ದರೆ ಎರಡು ದಿನ ಬೇಕು. ಕದಡಿದ ನೀರಿಗೆ ಈ ಉಪಾಯ ನಡೆಯದು, ಕಿರಣ ಒಳಗಿಳಿಯದು.

ಎರಡನೆಯ ವಸ್ತು ಉಪ್ಪು ಸಕ್ಕರೆಗಳ ಜೋಡಿ. 1971 ರಲ್ಲಿ ಪೂರ್ವ ಬಂಗಾಳದ ಯುದ್ಧದಿಂದ ಲಕ್ಷಾಂತರ ಜನ ನಿರಾಶ್ರಿತರಾಗಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವಿನ ಶಿಬಿರದಲ್ಲಿ ಕಾಲರಾ ಹಬ್ಬಿತು. ಆಗ ಇದ್ದ ಚಿಕಿತ್ಸೆಯೆಂದರೆ ರಕ್ತನಾಳದ ಮೂಲಕ ಲವಣಜಲವನ್ನು ಏರಿಸುವುದು. ಅದಕ್ಕೆ ಬೇಕಾದ ಬಾಟಲಿಗಳೂ, ಸೂಜಿ ಚುಚ್ಚಬಲ್ಲ ಜನವೂ ಸಾಲದೆ ಹೋಗಿ, ಆಸ್ಪತ್ರೆಯ ನೆಲದ ಮೇಲೆ ಮಲಗಿದ ರೋಗಿಗಳು ಸಾಯತೊಡಗಿದರು. ಡಾ. ದಿಲೀಪ ಮಹಲನಬೀಸರು ಆಗ ಒಂದು ಧೈರ್ಯ ಮಾಡಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಈ ಪ್ರಮಾಣದಲ್ಲಿ ಬೆರೆಸಿ, ರೋಗಿಯ ಬಂಧುಗಳ ಕೈಯಿಂದಲೇ ಕುಡಿಸಿದರು. ಪುಡಿಯನ್ನು ಕಲಕತ್ತೆಯಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಚೀಲದ ಬಾಯನ್ನು ಬಿಸಿ ಇಸ್ತ್ರಿಯಿಂದ ಬೆಸೆಯುತ್ತಿದ್ದರಂತೆ. ಇಸ್ತ್ರಿಪೆಟ್ಟಿಗೆಗೂ ಅಂದು ಅನ್ಯೋಪಯೋಗವೊಂದು ಲಭಿಸಿತು. ಶಿಬಿರದಲ್ಲಿ ನೂರಕ್ಕೆ 30 ರಷ್ಟಿದ್ದ ಸಾವು ಈ ದ್ರಾವಣ ಕುಡಿದವರಲ್ಲಿ ನೂರಕ್ಕೆ 3.6 ಕ್ಕೆ ಇಳಿಯಿತು.

ಇದರ ರಹಸ್ಯ ಕರುಳಿನಲ್ಲಿದೆ. ಬೇಧಿಯಾದಾಗ ಬರಿಯ ನೀರು ಕುಡಿದರೆ ಅದು ನಿಲ್ಲದು; ಬರಿಯ ಉಪ್ಪುನೀರೂ ನಿಲ್ಲದು. ಆದರೆ ಕರುಳಿನ ಒಳಪದರದಲ್ಲಿ ಉಪ್ಪಿನ ಸೋಡಿಯಮ್ಮನ್ನೂ ಸಕ್ಕರೆಯ ಗ್ಲೂಕೋಸನ್ನೂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುವ ಒಂದು ದ್ವಾರವಿದೆ. ಬೇಧಿಯ ಕಾಲದಲ್ಲಿಯೂ ಆ ದ್ವಾರ ಮುಚ್ಚುವುದಿಲ್ಲ. ಎರಡೂ ಕೂಡಿ ಒಳಗೆ ಹೋದಾಗ ನೀರು ತಾನಾಗಿ ಹಿಂಬಾಲಿಸುತ್ತದೆ. 1978 ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯು ಈ ಶೋಧವನ್ನು ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆ ಎನಿಸಬಹುದೆಂದು ಕೊಂಡಾಡಿತು. ಮಹಲನಬೀಸರು 2022 ರಲ್ಲಿ ತೀರಿಕೊಂಡರು. ಮರುವರ್ಷ, ಮರಣೋತ್ತರವಾಗಿ, ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಇಂದು ಈ ಪುಡಿಯ ಪೊಟ್ಟಣಗಳು ಆರೋಗ್ಯ ಕೇಂದ್ರದಲ್ಲಿಯೂ ಔಷಧದ ಅಂಗಡಿಯಲ್ಲಿಯೂ ದೊರೆಯುತ್ತವೆ. ಪೊಟ್ಟಣವಿದ್ದಲ್ಲಿ ಅದನ್ನೇ ಬಳಸತಕ್ಕದ್ದು. ನಡುರಾತ್ರಿ ಪೊಟ್ಟಣ ಸಿಕ್ಕದಿದ್ದಾಗ ಮಾತ್ರ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ, ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಕೂಡದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಬೇಧಿಯೇ ಹೆಚ್ಚುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಬೇಕು. ಎಳೆಗೂಸಿಗೆ ಎದೆಹಾಲನ್ನು ನಿಲ್ಲಿಸಲಾಗದು. ಮಗುವಿನ ಕಣ್ಣು ಗುಳಿಬಿದ್ದು ಮಂಪರು ಕವಿದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ‘ಬೇಧಿಯಾದ ಮಗುವಿಗೆ ನೀರು ಕೊಡಬೇಡಿ, ಇನ್ನಷ್ಟು ಆಗುತ್ತದೆ’ ಎಂದು ಹೇಳುವ ಹಿರಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಈ ಒಂದು ವಿಷಯದಲ್ಲಿ ಅವರ ಮಾತನ್ನು ನಡೆಸಿಕೊಡಲಾಗದು.

ಹೀಗೆ ಅನ್ಯೋಪಯೋಗಗಳಲ್ಲಿ ಅನರ್ಥಕ್ಕೆ ಎಡೆಗೊಡುವವೂ ಇವೆ. ಅಡಿಗೆ ಸೋಡಕ್ಕೆ ನಿಂಬೆರಸವನ್ನು ಹಿಂಡಿ, ಉಕ್ಕಿದ ನೊರೆಯನ್ನು ಕಂಡು ಮಹಾ ಶುದ್ಧಿಕಾರಕವೆಂದು ಭ್ರಮಿಸುವುದು ನಗೆ ತರುವ ಸಂಗತಿಯಷ್ಟೆ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಆದರೆ ಬ್ಲೀಚಿಂಗ್ ಪುಡಿಯ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಸುರಿಯುವುದು ನಗೆಯ ಮಾತಲ್ಲ. ಹಾಗೆ ಮಾಡಿದೊಡನೆ ಕ್ಲೋರಿನ್ ಅನಿಲ ಏಳುತ್ತದೆ. 1915 ರಲ್ಲಿ ಬೆಲ್ಜಿಯಮ್ಮಿನ ಈಪರ್ ರಣರಂಗದಲ್ಲಿ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಬಾಗಿಲು ಮುಚ್ಚಿದ ಬಚ್ಚಲಮನೆಯಲ್ಲಿ ಇದು ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶವನ್ನು ಸುಡಬಲ್ಲದು.

ಕುಡಿಯುವ ಪಾನೀಯದ ಖಾಲಿ ಬಾಟಲಿಯಲ್ಲಿ ಸೀಮೆಎಣ್ಣೆ, ಆಸಿಡ್, ಬೆಳೆಗೆ ಸಿಂಪಡಿಸುವ ಔಷಧಗಳನ್ನು ತುಂಬಿಡುವುದು ಎಲ್ಲೆಲ್ಲಿಯೂ ಕಾಣುವ ಅಭ್ಯಾಸ. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವಷ್ಟೇ ಗೊತ್ತು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ಎಣ್ಣೆಯು ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶವನ್ನು ಕೆಡಿಸುತ್ತದೆ. ಹಾಗೆಯೇ ಪೆಟ್ಟಿಗೆಯಲ್ಲಿ ನುಸಿಗುಳಿಗೆಯೊಡನೆ ಇಟ್ಟಿದ್ದ ಬಟ್ಟೆಯನ್ನು ಬಿಸಿಲಿಗೆ ಹಾಕದೆ ಎಳೆಗೂಸಿಗೆ ಹೊದಿಸಲಾಗದು. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿರುತ್ತದೆ. ಅಂಥವರಿಗೆ ಆ ಗುಳಿಗೆಯ ಆವಿಯೇ ರಕ್ತಕಣಗಳನ್ನು ಒಡೆದು ಕಾಮಾಲೆ ತರುತ್ತದೆ. ಬಾಣಂತಿಯ ಮನೆಯಲ್ಲಿ ಬಟ್ಟೆಗಳ ನಡುವೆ ಒಣಗಿದ ಬೇವಿನೆಲೆಯೇ ಲೇಸು. ಮಿರ್ಚಿ ಬಜಿ ಕಟ್ಟಿಕೊಡುವ ಹಳೆಯ ವೃತ್ತಪತ್ರಿಕೆಯ ವಿಷಯವೂ ಇಷ್ಟೇ. ಕಿಟಕಿಯ ಗಾಜನ್ನು ಒರಸಲು ಅದು ಬಹಳ ಚೆನ್ನು, ಬಿಸಿ ಎಣ್ಣೆಗೆ ಅದರ ಶಾಯಿ ಕರಗುವುದರಿಂದ ತಿಂಡಿಗೆ ಸಲ್ಲದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2016 ರಲ್ಲಿಯೇ ಎಚ್ಚರಿಸಿದೆ.

ಕೊನೆಗೆ ಮತ್ತೆ ಬೂದಿಗೇ ಬರಬೇಕಾಗುತ್ತದೆ. ಹುಟ್ಟಿದ ಕೂಸಿನ ಹೊಕ್ಕುಳಿಗೆ ಬೂದಿಯನ್ನೋ, ಸೆಗಣಿಯನ್ನೋ, ಎಣ್ಣೆಯಲ್ಲಿ ಕಲಸಿದ ಅರಿಸಿನವನ್ನೋ ಹಚ್ಚುವ ರೂಢಿ ಹಿಂದೆ ಅನೇಕ ಕಡೆ ಇತ್ತು. ಧನುರ್ವಾಯು ರೋಗಾಣುವಿನ ಬೀಜಗಳು ಮಣ್ಣಿನಲ್ಲಿಯೂ ಸೆಗಣಿಯಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತವೆ; ಹಸಿಯಾದ ಹೊಕ್ಕುಳು ಅವುಗಳಿಗೆ ತೆರೆದ ಬಾಗಿಲು. ಹುಟ್ಟಿದ ಕೆಲವು ದಿನಗಳಲ್ಲಿಯೇ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟು, ಬಾಯಿ ಬಿಗಿದು, ಬಿಲ್ಲಿನಂತೆ ಬಾಗಿ ಸಾಯುತ್ತಿತ್ತು; ಅದನ್ನು ಗಾಳಿ ಸೋಕಿದ್ದೆಂದೋ ದೃಷ್ಟಿಯೆಂದೋ ಭಾವಿಸುತ್ತಿದ್ದರು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುದ್ಧವಾದ ಕೈ, ಹೊಸ ಬ್ಲೇಡು, ಕುದಿಸಿದ ದಾರ ಇವು ಹಳ್ಳಿಹಳ್ಳಿಗೆ ತಲಪಿದ ಮೇಲೆ ಈ ಸಾವುಗಳು ಇಳಿದು, 2015 ರಲ್ಲಿ ಭಾರತವು ತಾಯಿ-ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶಗಳ ಸಾಲಿಗೆ ಸೇರಿತು. ಹೊಕ್ಕುಳು ತಾನಾಗಿ ಒಣಗಿ ಒಂದೆರಡು ವಾರಗಳಲ್ಲಿ ಉದುರುತ್ತದೆ. ವೈದ್ಯರು ಹೇಳಿದ ಔಷಧದ ಹೊರತು ಅದಕ್ಕೆ ಅಡಿಗೆಮನೆಯಿಂದ ಏನನ್ನೂ ತರಬೇಕಾದುದಿಲ್ಲ.